ಹತ್ತು ಅಂದರೆ ಹದಿನೆಂಟು!

ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟೂ ವರ್ಷ ಸಾಲಕ್ಕೆ ಬಂದವರಿಂದ ನಾನು ಹೆಚ್ಚಾಗಿ ಕೇಳಿದ ಪ್ರಶ್ನೆ ಒಂದೇ: ‘ತಿಂಗಳಿಗೆ ಎಷ್ಟು ಕಟ್ಟಬೇಕು ಸಾರ್?’ ಕೊನೆಗೆ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿದವರು ಅಪರೂಪ. ಸಾಲ ಕೊಡುವವರಿಗೂ ಇದು ಗೊತ್ತು. ಅದಕ್ಕೇ ಜಾಹೀರಾತಿನಲ್ಲಿ ತಿಂಗಳ ಕಂತು ದಪ್ಪಕ್ಷರದಲ್ಲಿರುತ್ತದೆ, ಉಳಿದದ್ದೆಲ್ಲ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ.

ಮಕ್ಕಳೇ, ಪೆನ್ಸಿಲ್ ಹಿಡಿದು ಅಜ್ಜ-ಅಜ್ಜಿಯ ಪಕ್ಕ ಕುಳಿತುಕೊಳ್ಳಿ. 12,000 ರೂಪಾಯಿ ಸಾಲ, 12 ಕಂತು, ವರ್ಷಕ್ಕೆ ಬಡ್ಡಿ ಶೇ 10 ಎಂದುಕೊಳ್ಳೋಣ. ಬಡ್ಡಿ ಲೆಕ್ಕ ಹಾಕಲು ಎರಡು ದಾರಿಗಳಿವೆ.

ಮೊದಲನೆಯದು ‘ಫ್ಲಾಟ್’ ದರ. ಪೂರ್ತಿ 12,000ಕ್ಕೆ ವರ್ಷದ ಬಡ್ಡಿ 1,200. ಒಟ್ಟು 13,200, ತಿಂಗಳಿಗೆ 1,100. ಸರಳವಾಗಿದೆ, ಅಲ್ಲವೇ? ಆದರೆ ಪೂರ್ತಿ 12,000 ವರ್ಷವಿಡೀ ನಮ್ಮ ಹತ್ತಿರ ಇರುವುದಿಲ್ಲ. ಪ್ರತಿ ಕಂತಿನಲ್ಲೂ 1,000 ಅಸಲು ತೀರುತ್ತದೆ. ಬಾಕಿ ಮೊದಲ ತಿಂಗಳು 12,000, ಎರಡನೇ ತಿಂಗಳು 11,000, ಕೊನೆಯ ತಿಂಗಳು ಬರೀ 1,000. ಎಲ್ಲ ಕೂಡಿಸಿ: 78,000. ಹನ್ನೆರಡರಿಂದ ಭಾಗಿಸಿ: 6,500. ಸರಾಸರಿ ನಮ್ಮ ಹತ್ತಿರ ಇದ್ದದ್ದು ಇಷ್ಟೇ. ಇದಕ್ಕೆ 1,200 ಬಡ್ಡಿ ಎಂದರೆ ಸುಮಾರು ಶೇ 18!

ಎರಡನೆಯದು, ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಕ್ರಮ. ಇಲ್ಲಿ ಶೇ 10 ನಿಜಕ್ಕೂ ಶೇ 10. ಕಂತು ಸುಮಾರು 1,055, ಒಟ್ಟು ಬಡ್ಡಿ ಸುಮಾರು 660.

ಎರಡು ಕಂತುಗಳ ನಡುವಿನ ಅಂತರ ತಿಂಗಳಿಗೆ ಬರೀ 45 ರೂಪಾಯಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬಡ್ಡಿ ಹೆಚ್ಚುಕಡಿಮೆ ಇಮ್ಮಡಿ! ಲಕ್ಷಗಳ ಸಾಲವಾದರೆ ಈ ಅಂತರವೇ ಪಿಂಚಣಿದಾರರ ಔಷಧಿಯ ಹಣವನ್ನು, ಮೊಮ್ಮಗಳ ಶಾಲಾ ಶುಲ್ಕವನ್ನು ನುಂಗಬಹುದು.

ಇದಕ್ಕೊಂದು ಕನ್ನಡಿ ಇದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಮನೆ, ವಾಹನ ಮುಂತಾದ ಹೊಸ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು. ಅದರಲ್ಲಿ ‘ಎಪಿಆರ್’ ಎಂಬ ಅಂಕಿ ಹುಡುಕಿ. ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಅದು. ಎರಡು ಕಡೆಯ ಸಾಲಗಳನ್ನು ಹೋಲಿಸಬೇಕಾದದ್ದು ಅದರಿಂದಲೇ, ಕಂತಿನಿಂದಲ್ಲ.

ಅಜ್ಜ-ಅಜ್ಜಿಯರೇ, ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಒಟ್ಟು ಎಷ್ಟು ಕಟ್ಟಬೇಕು? ದರ ಫ್ಲಾಟೋ, ಉಳಿದ ಬಾಕಿಯ ಮೇಲೋ? ಎಪಿಆರ್ ಎಷ್ಟು? ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು. ಸಣ್ಣಕ್ಷರ ಓದಲು ಮೊಮ್ಮಕ್ಕಳ ಕಣ್ಣು ಚುರುಕಾಗಿದೆ, ಜೊತೆಗೆ ಕರೆದೊಯ್ಯಿರಿ.

ಮಕ್ಕಳಿಗೊಂದು ಲೆಕ್ಕ: 24,000 ಸಾಲ, ತಿಂಗಳಿಗೆ 1,000 ಅಸಲಿನಂತೆ 24 ಕಂತು. ಸರಾಸರಿ ಬಾಕಿ ಎಷ್ಟು? (ಉತ್ತರ: 12,500)