ಬಿಂದು ಬೆಸುಗೆಯಲ್ಲಿ ಒತ್ತಡದ ಮಹತ್ವ

‘ಬೆಸೆ’ ಎಂಬುದು ಕನ್ನಡದ ಹಳೆಯ ಧಾತುಗಳಲ್ಲಿ ಒಂದು. ಬೇರೆ ಬೇರೆಯಾಗಿರುವ ಎರಡನ್ನು ಮತ್ತೆ ಬೇರ್ಪಡದಂತೆ ಕೂಡಿಸುವುದೇ ಬೆಸೆಯುವುದು. ಹಾಗೆ ಕೂಡಿದ ಸಂದೇ ಬೆಸುಗೆ. ಮನಸ್ಸು ಮನಸ್ಸುಗಳ ಕೂಟಕ್ಕೂ ಲೋಹ ಲೋಹಗಳ ಕೂಟಕ್ಕೂ ನಮ್ಮ ನುಡಿಯು ಒಂದೇ ಶಬ್ದವನ್ನು ಇಟ್ಟುಕೊಂಡಿದೆ. ಈ ಎರಡು ಬಗೆಯ ಬೆಸುಗೆಗಳಿಗೂ ಒಂದು ಸಾಮ್ಯವುಂಟು. ಎರಡರಲ್ಲಿಯೂ ಗಟ್ಟಿತನವು ಹೊರಗಿನ ನೋಟಕ್ಕೆ ಗೋಚರಿಸುವುದಿಲ್ಲ.

ಶಾಲೆಯ ಕಚೇರಿಯಲ್ಲಿರುವ ಉಕ್ಕಿನ ಅಲಮಾರಿನ ಬಾಗಿಲನ್ನು ತೆರೆದು ಅದರ ಒಳಮೈಯನ್ನು ಗಮನವಿಟ್ಟು ನೋಡಿದರೆ, ತೊಗರಿಕಾಳಿನಷ್ಟು ಅಗಲದ ದುಂಡನೆಯ ತಗ್ಗುಗಳು ಸಾಲಾಗಿ ಕಾಣುತ್ತವೆ. ವಿದ್ಯಾರ್ಥಿಗಳ ಬುತ್ತಿಡಬ್ಬಿಯ ಹಿಡಿಕೆಯ ಬುಡದಲ್ಲಿಯೂ ಇಂತಹ ಎರಡು ಮೂರು ಗುರುತುಗಳಿರುವುದುಂಟು. ಅಲ್ಲಿ ಮೊಳೆಯಿಲ್ಲ, ತಿರುಪಿಲ್ಲ, ಅಂಟಿಲ್ಲ, ಕರಗಿಸಿ ಸುರಿದ ಬೇರೆ ಲೋಹವೂ ಇಲ್ಲ. ಆದರೂ ಎರಡು ತಗಡುಗಳು ಒಂದಾಗಿವೆ. ಕಾರ್ಖಾನೆಗಳಲ್ಲಿ ಸ್ಪಾಟ್ ವೆಲ್ಡಿಂಗ್ ಎಂದು ಕರೆಯುವ ಈ ವಿಧಾನವನ್ನು ಕನ್ನಡದಲ್ಲಿ ಬಿಂದು ಬೆಸುಗೆ ಎನ್ನಬಹುದು. ಇದು ವಿದ್ಯುತ್ತಿನ ಪವಾಡವೆಂದು ಸಾಮಾನ್ಯವಾಗಿ ಜನರು ತಿಳಿಯುತ್ತಾರೆ. ಅದು ಅರ್ಧ ಸತ್ಯ ಮಾತ್ರ. ವಿದ್ಯುತ್ತು ಲೋಹವನ್ನು ಕಾಯಿಸುತ್ತದೆ. ಆದರೆ ಕಾದ ಲೋಹವು ನಂಬಿಕೆಗೆ ಅರ್ಹವಾದ ಬೆಸುಗೆಯಾಗುವುದು ಅದರ ಮೇಲೆ ಬಿದ್ದಿರುವ ಒತ್ತಡದಿಂದ. ಆ ಒತ್ತಡದ ಕಥೆಯೇ ಈ ಲೇಖನದ ವಿಷಯ.

ಕಮ್ಮಾರನ ಕುಲುಮೆಯನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ತಿದಿಯೊತ್ತಿ ಕೆಂಡವನ್ನು ಉರಿಸಿ, ಎರಡು ಕಬ್ಬಿಣದ ತುಂಡುಗಳನ್ನು ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದರೆ ಅವು ಕೂಡಿಕೊಳ್ಳುತ್ತವೆ. ಬರಿಯ ಕಾವಿನಿಂದ ಕೂಡುವುದಿಲ್ಲ, ಬರಿಯ ಪೆಟ್ಟಿನಿಂದಲೂ ಕೂಡುವುದಿಲ್ಲ. ಕಬ್ಬಿಣ ಕಾದಾಗಲೇ ಬಡಿಯಬೇಕೆಂಬ ಗಾದೆಯು ಹುಟ್ಟಿದ್ದು ಈ ಅನುಭವದಿಂದಲೇ. ಬಿಂದು ಬೆಸುಗೆಯ ಯಂತ್ರವೆಂದರೆ ಬೆಂಕಿಯಿಲ್ಲದ ಕುಲುಮೆ. ಅಲ್ಲಿ ಕೆಂಡದ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ಸುತ್ತಿಗೆಯ ಕೆಲಸವನ್ನು ಸಂಕುಚಿತ ಗಾಳಿಯೋ ಎಣ್ಣೆಯೋ ಮಾಡುತ್ತದೆ. ಭೇದವಿಷ್ಟೆ: ಕುಲುಮೆಯಲ್ಲಿ ಕಬ್ಬಿಣವು ಮೆತ್ತಗಾಗುತ್ತದೆ, ಕರಗುವುದಿಲ್ಲ, ಬಿಂದು ಬೆಸುಗೆಯಲ್ಲಿ ಎರಡು ತಗಡುಗಳ ನಡುವೆ ಲೋಹವು ಒಂದು ಕ್ಷಣ ಕರಗಿ ಮತ್ತೆ ಗಟ್ಟಿಯಾಗುತ್ತದೆ.

ವಾಹಕದಲ್ಲಿ ವಿದ್ಯುತ್ತು ಹರಿಯುವಾಗ ಅದರ ರೋಧದ ಕಾರಣ ಶಾಖ ಹುಟ್ಟುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1840ರ ಸುಮಾರಿಗೆ ಕಂಡುಹಿಡಿದನು. ವಿದ್ಯುತ್ ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಈ ಶಾಖದಿಂದ ಲೋಹವನ್ನು ಬೆಸೆಯಬಹುದೆಂದು ತೋರಿಸಿದವನು ಎಲಿಹು ಥಾಮ್ಸನ್. 1853ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಈತನು ಫಿಲಡೆಲ್ಫಿಯಾ ನಗರದ ಸೆಂಟ್ರಲ್ ಹೈಸ್ಕೂಲಿನಲ್ಲಿ ಅಧ್ಯಾಪಕನಾಗಿದ್ದನು. 1877ರಲ್ಲಿ ಅದೇ ನಗರದ ಫ್ರಾಂಕ್ಲಿನ್ ಸಂಸ್ಥೆಯಲ್ಲಿ ವಿದ್ಯುತ್ತನ್ನು ಕುರಿತ ಉಪನ್ಯಾಸಗಳ ಸಂದರ್ಭದಲ್ಲಿ ಪ್ರಯೋಗ ನಡೆಸುತ್ತಿದ್ದಾಗ, ಒಂದನ್ನೊಂದು ಮುಟ್ಟಿಕೊಂಡಿದ್ದ ತಂತಿಗಳ ತುದಿಗಳು ಬೆಸೆದುಕೊಂಡುದು ಅವನ ಗಮನಕ್ಕೆ ಬಂದಿತು. ಅನ್ಯರು ಕೆಟ್ಟ ತಂತಿಯೆಂದು ಎಸೆಯಬಹುದಾಗಿದ್ದ ಆ ತುಣುಕಿನಲ್ಲಿ ಅವನು ಹೊಸದೊಂದು ವಿದ್ಯೆಯನ್ನು ಕಂಡನು. 1886ರಲ್ಲಿ ವಿದ್ಯುತ್ ಬೆಸುಗೆಯ ಉಪಕರಣಕ್ಕೆ ಅವನಿಗೆ ಸನ್ನದು ದೊರೆಯಿತು. ರೋಧ ಬೆಸುಗೆಯ ಇಡೀ ವಂಶವು, ಬಿಂದು ಬೆಸುಗೆಯೂ ಸೇರಿ, ಇಲ್ಲಿಂದಲೇ ಹೊರಟಿತು.

ಈಗ ಯಂತ್ರದ ಬಳಿಗೆ ಬರೋಣ. ಕಾರ್ಖಾನೆಯವರು ಎಲೆಕ್ಟ್ರೋಡ್ ಎನ್ನುವ ಎರಡು ತಾಮ್ರದ ವಿದ್ಯುದಗ್ರಗಳು ಮೇಲೊಂದು ಕೆಳಗೊಂದು ಎದುರುಬದುರಾಗಿ ನಿಂತಿರುತ್ತವೆ. ಬೆಸೆಯಬೇಕಾದ ತಗಡುಗಳನ್ನು ಅವುಗಳ ನಡುವೆ ಇಡುತ್ತಾರೆ. 1 ಮಿ.ಮೀ. ದಪ್ಪದ ಎರಡು ಉಕ್ಕಿನ ತಗಡುಗಳಿಗೆ ಸುಮಾರು 9000 ಆಂಪಿಯರ್ ಪ್ರವಾಹ ಬೇಕು. ಮನೆಯಲ್ಲಿ ಬಳಸುವ ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್ ಎಂಬುದನ್ನು ನೆನೆದರೆ ಇದರ ಪ್ರಮಾಣವು ಮನಸ್ಸಿಗೆ ಬರುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ವೋಲ್ಟೇಜು ಕೆಲವೇ ವೋಲ್ಟುಗಳು. ಈ ಪ್ರವಾಹವು ಹರಿಯುವ ಕಾಲ ಸುಮಾರು ಸೆಕೆಂಡಿನ ಐದನೆಯ ಒಂದು ಪಾಲು. ಸಂಸ್ಕೃತದಲ್ಲಿ ನಿಮೇಷವೆಂದರೆ ಕಣ್ಣಿನ ರೆಪ್ಪೆ ಮಿಟುಕುವಷ್ಟು ಕಾಲ. ಬೆಸುಗೆಯು ನಿಜವಾಗಿ ಒಂದು ನಿಮೇಷದ ಕೆಲಸ. ಅಷ್ಟರಲ್ಲಿ ತಗಡುಗಳ ನಡುವಣ ಲೋಹವು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕರಗಿ ಒಂದು ಪುಟ್ಟ ಬಿಲ್ಲೆಯಾಗುತ್ತದೆ. ತಾಮ್ರವು ಇದಕ್ಕಿಂತ ಬಹು ಕಡಿಮೆ ಕಾವಿನಲ್ಲಿ, 1085 ಡಿಗ್ರಿಯಲ್ಲಿಯೇ, ಕರಗತಕ್ಕದ್ದು. ಆದರೂ ವಿದ್ಯುದಗ್ರವು ಕರಗದಿರಲು ಕಾರಣ ಅದರ ರೋಧ ಅತ್ಯಲ್ಪವಾಗಿರುವುದು ಮತ್ತು ಅದರ ಒಳಗೆ ತಣ್ಣೀರು ಸದಾ ಹರಿಯುತ್ತಿರುವುದು.

ಕಾವು ತಗಡುಗಳ ನಡುವೆಯೇ ಹೆಚ್ಚಾಗಿ ಹುಟ್ಟುವುದೇಕೆ ಎಂಬ ಪ್ರಶ್ನೆಯಲ್ಲಿ ಒತ್ತಡದ ಪಾತ್ರ ತೊಡಗುತ್ತದೆ. ನುಣುಪಾಗಿ ಕಾಣುವ ಎರಡು ತಗಡುಗಳು ವಸ್ತುತಃ ಕೆಲವು ಉಬ್ಬುಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟಿರುತ್ತವೆ. ಆ ಇಕ್ಕಟ್ಟಿನ ದಾರಿಯಲ್ಲಿ ವಿದ್ಯುತ್ತು ನುಸುಳಬೇಕಾದುದರಿಂದ ಅಲ್ಲಿ ರೋಧವು ಅಧಿಕ. ಒತ್ತಡವು ಕಡಿಮೆಯಾದರೆ ಸ್ಪರ್ಶವು ಇನ್ನೂ ವಿರಳವಾಗಿ, ಕಾವು ಮಿತಿಮೀರಿ, ಕರಗಿದ ಲೋಹವು ಕಿಡಿಯಾಗಿ ಹೊರಚಿಮ್ಮುತ್ತದೆ. ಒಳಗೆ ಪೊಳ್ಳು ಉಳಿಯುತ್ತದೆ. ಒತ್ತಡವು ಅತಿಯಾದರೆ ಉಬ್ಬುಗಳೆಲ್ಲ ಜಜ್ಜಿಹೋಗಿ, ರೋಧವು ಕುಗ್ಗಿ, ಕಾವು ಸಾಲದೆ ಬಿಲ್ಲೆಯೇ ಕಟ್ಟುವುದಿಲ್ಲ. ತಗಡಿನ ಮೇಲೆ ಆಳವಾದ ತಗ್ಗು ಮಾತ್ರ ಬೀಳುತ್ತದೆ. 1 ಮಿ.ಮೀ. ತಗಡುಗಳಿಗೆ ತಕ್ಕ ಒತ್ತು ಸುಮಾರು 225ರಿಂದ 250 ಕಿಲೋಗ್ರಾಂ. ಎಂದರೆ ತಲಾ ಒಂದು ಕ್ವಿಂಟಲಿನ ಎರಡು ಜೋಳದ ಚೀಲಗಳಿಗೂ ಮಿಕ್ಕ ಭಾರವು ತೊಗರಿಕಾಳಿನಷ್ಟು ಅಗಲದ ತಾಮ್ರದ ತುದಿಯ ಮೇಲೆ ನಿಲ್ಲಬೇಕು.

ಅಷ್ಟೇ ಅಲ್ಲ, ಆ ಭಾರವು ಬೆಸುಗೆಯ ನಾಲ್ಕು ಹಂತಗಳಲ್ಲಿಯೂ ತನ್ನ ಕರ್ತವ್ಯವನ್ನು ಅರಿತು ನಡೆಯಬೇಕು. ಮೊದಲು ತಗಡುಗಳನ್ನು ಅದುಮಿ ಹಿಡಿಯುವುದು, ಆ ಬಳಿಕ ಪ್ರವಾಹ ಹರಿಯುವುದು, ಪ್ರವಾಹ ನಿಂತ ಮೇಲೆಯೂ ಅದುಮಿಯೇ ಇರುವುದು, ಕಡೆಯಲ್ಲಿ ಬಿಡುವುದು. ಪ್ರವಾಹ ಹರಿಯುವಾಗ ಕಾದ ಲೋಹವು ಮೊದಲು ಹಿಗ್ಗಿ ವಿದ್ಯುದಗ್ರವನ್ನು ಹಿಂದಕ್ಕೆ ತಳ್ಳುತ್ತದೆ. ಮರುಗಳಿಗೆಯಲ್ಲಿ ಅದು ಮೆತ್ತಗಾಗಿ ಕುಸಿಯುತ್ತದೆ. ಹಿಗ್ಗಿದಾಗ ಹಿಂದೆ ಸರಿದು, ಕುಸಿದಾಗ ಎಡೆಬಿಡದೆ ಹಿಂಬಾಲಿಸಿ, ಎಲ್ಲ ಕಾಲದಲ್ಲಿಯೂ ಒಂದೇ ಬಲದಿಂದ ಒತ್ತುವುದು ವಿದ್ಯುದಗ್ರದ ಧರ್ಮ. ಈ ಅನುಸರಣೆಯಲ್ಲಿ ಕ್ಷಣಮಾತ್ರ ತಪ್ಪಿದರೂ ಕರಗಿದ ಲೋಹಕ್ಕೆ ಸುತ್ತಲಿನ ಒಡ್ಡು ಒಡೆದಂತಾಗುತ್ತದೆ. ಲೋಹವು ಆರಿ ಗಟ್ಟಿಯಾಗುವಾಗ ಕುಗ್ಗುವುದರಿಂದ, ಒತ್ತಡವನ್ನು ಅವಸರದಿಂದ ತೆಗೆದರೆ ಬಿಲ್ಲೆಯ ಗರ್ಭದಲ್ಲಿ ಬಿರುಕು ಹುಟ್ಟುತ್ತದೆ.

ಮೊದಮೊದಲಿನ ಹಗುರ ಯಂತ್ರಗಳಲ್ಲಿ ಈ ಒತ್ತಡವನ್ನು ಕೊಡುತ್ತಿದ್ದುದು ಕೆಲಸಗಾರನ ಕಾಲು. ಕೆಳಗಿನ ಮೆಟ್ಟನ್ನು ತುಳಿದರೆ ಸನ್ನೆಕೋಲು ಮತ್ತು ಸ್ಪ್ರಿಂಗಿನ ಮೂಲಕ ಮೇಲಿನ ವಿದ್ಯುದಗ್ರವು ಇಳಿಯುತ್ತಿತ್ತು. ಇಂತಹ ಯಂತ್ರಗಳು ಸಣ್ಣ ಕಾರ್ಯಾಗಾರಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಸಾಧಾರಣ ಕೆಲಸಕ್ಕೆ ಸಾಲುತ್ತವೆ. ಆದರೆ ಮನುಷ್ಯನ ಕಾಲು ಬೆಳಿಗ್ಗೆ ಇದ್ದಂತೆ ಸಂಜೆಗೆ ಇರುವುದಿಲ್ಲ. ದಿನಕ್ಕೆ ಸಾವಿರಾರು ಬಾರಿ ಮೆಟ್ಟನ್ನು ತುಳಿದವನ ಆಯಾಸವು ಅವನಿಗೆ ಅರಿವಿಲ್ಲದೆಯೇ ಬೆಸುಗೆಯೊಳಗೆ ಇಳಿಯುತ್ತದೆ. ಬೆಳಗಿನ ಬೆಸುಗೆಗೂ ಸಂಜೆಯ ಬೆಸುಗೆಗೂ ಹೊರನೋಟದಲ್ಲಿ ಭೇದವಿಲ್ಲದಿದ್ದರೂ ಬಲದಲ್ಲಿ ಭೇದವಿರಬಹುದು. ಈ ದೋಷವನ್ನು ನೀಗಲೆಂದೇ ಪ್ರವಾಹಿಗಳ, ಎಂದರೆ ಗಾಳಿ ಎಣ್ಣೆಗಳಂತೆ ಹರಿಯುವ ವಸ್ತುಗಳ, ಒತ್ತಡವನ್ನು ಆಶ್ರಯಿಸಬೇಕಾಯಿತು.

ಮುಚ್ಚಿದ ಪಾತ್ರೆಯಲ್ಲಿರುವ ಪ್ರವಾಹಿಯ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ನಿಯಮವು 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನ ಹೆಸರಿನಲ್ಲಿದೆ. ಆ ನಿಯಮವನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವಚಾಲಿತ ಒತ್ತುಯಂತ್ರಕ್ಕೆ ಸನ್ನದು ಪಡೆದನು. ಬಿಂದು ಬೆಸುಗೆಯ ಯಂತ್ರದಲ್ಲಿ ಇದೇ ನಿಯಮವು ಹೇಗೆ ದುಡಿಯುತ್ತದೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಸಿಲಿಂಡರಿನೊಳಗಿನ ಪಿಸ್ಟನ್ನಿನ ವ್ಯಾಸ 8 ಸೆಂ.ಮೀ. ಆದರೆ ಅದರ ಮುಖದ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಅದರ ಮೇಲೆ ಪ್ರತಿ ಚದರ ಸೆಂ.ಮೀ.ಗೆ 5 ಕಿಲೋಗ್ರಾಂ ಒತ್ತಡದ ಗಾಳಿಯನ್ನು ಬಿಟ್ಟರೆ ಒಟ್ಟು ಬಲ 250 ಕಿಲೋಗ್ರಾಂ. ಗಾಳಿಯ ಒತ್ತಡವನ್ನು ನಿಯಂತ್ರಕದಿಂದ ಹೊಂದಿಸಿ ಮಾಪಕದಲ್ಲಿ ನೋಡಿಕೊಂಡರೆ, ಮೊದಲನೆಯ ಬೆಸುಗೆಗೂ ಹತ್ತು ಸಾವಿರದನೆಯ ಬೆಸುಗೆಗೂ ಒಂದೇ ಬಲವು ದೊರೆಯುತ್ತದೆ. ಗಾಳಿಗೆ ಆಯಾಸವಿಲ್ಲ.

ಗಾಳಿ ಮತ್ತು ಎಣ್ಣೆಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ, ಎರಡಕ್ಕೂ ಅದರದರ ಗುಣವಿದೆ ಎನ್ನಬೇಕು. ಗಾಳಿಯನ್ನು ಅದುಮಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಈ ಸ್ಥಿತಿಸ್ಥಾಪಕ ಗುಣವು ಅನುಸರಣೆಗೆ ಬಹು ಅನುಕೂಲ. ಲೋಹವು ಕುಸಿದೊಡನೆ ಹಿಗ್ಗಿದ ಗಾಳಿಯು ವಿದ್ಯುದಗ್ರವನ್ನು ಮುಂದಕ್ಕೆ ಒಯ್ಯುತ್ತದೆ. ಎಣ್ಣೆಯು ಹೆಚ್ಚು ಕಡಿಮೆ ಕುಗ್ಗದ ವಸ್ತು. ಆದುದರಿಂದ ಅದನ್ನು ಅತ್ಯಧಿಕ ಒತ್ತಡಕ್ಕೆ ಏರಿಸಿ, ಚಿಕ್ಕ ಸಿಲಿಂಡರಿನಿಂದ ದೊಡ್ಡ ಬಲವನ್ನು ಪಡೆಯಬಹುದು. ಆದರೆ ಶೀಘ್ರ ಅನುಸರಣೆಗೆ ಬೇರೆ ಏರ್ಪಾಡು ಬೇಕಾಗುತ್ತದೆ. ಈ ಎರಡು ಗುಣಗಳನ್ನೂ ಕೂಡಿಸುವ ಉಪಾಯವೊಂದುಂಟು. 8 ಸೆಂ.ಮೀ. ವ್ಯಾಸದ ಗಾಳಿಯ ಪಿಸ್ಟನ್ನಿಗೆ 2 ಸೆಂ.ಮೀ. ವ್ಯಾಸದ ದಂಡವನ್ನು ಜೋಡಿಸಿ ಆ ದಂಡವು ಎಣ್ಣೆಯನ್ನು ಒತ್ತುವಂತೆ ಮಾಡಿದರೆ, ವಿಸ್ತೀರ್ಣಗಳ ಅನುಪಾತವು 16 ಆದುದರಿಂದ ಗಾಳಿಯ 5 ಕಿಲೋಗ್ರಾಂ ಒತ್ತಡವು ಎಣ್ಣೆಯಲ್ಲಿ 80 ಆಗುತ್ತದೆ. ಆ ಎಣ್ಣೆಯನ್ನು ಕೊಳವೆಯ ಮೂಲಕ ಹೆಬ್ಬೆರಳಿನ ಗಾತ್ರದ ಸಿಲಿಂಡರಿಗೆ ಒಯ್ದರೆ ಅಲ್ಲಿಯೂ 250 ಕಿಲೋಗ್ರಾಂ ಬಲವೇ ಸಿಗುತ್ತದೆ. ದೊಡ್ಡ ಸಿಲಿಂಡರು ಹೋಗಲಾರದ ಇಕ್ಕಟ್ಟಿನ ಮೂಲೆಗೂ ಈ ಪುಟ್ಟ ಉಪಕರಣವು ಹೋಗುತ್ತದೆ.

ಒತ್ತಡದ ವಿಷಯದಲ್ಲಿ ಕಾವಲಿರಬೇಕಾದ ಇನ್ನೊಂದು ಸ್ಥಳ ವಿದ್ಯುದಗ್ರದ ತುದಿ. ಸಾವಿರಾರು ಬೆಸುಗೆಗಳಾದ ಮೇಲೆ ಅದು ಅಣಬೆಯ ತಲೆಯಂತೆ ಚಪ್ಪಟೆಯಾಗಿ ಅಗಲವಾಗುತ್ತದೆ. 5 ಮಿ.ಮೀ. ಇದ್ದ ತುದಿಯು 7 ಮಿ.ಮೀ. ಆಯಿತೆಂದರೆ ವಿಸ್ತೀರ್ಣವು ಬಹುಮಟ್ಟಿಗೆ ಇಮ್ಮಡಿಯಾಯಿತು. ಬಲವು ಅಷ್ಟೇ, ಪ್ರವಾಹವೂ ಅಷ್ಟೇ. ಆದರೆ ಎರಡೂ ಇಮ್ಮಡಿ ಜಾಗಕ್ಕೆ ಹಂಚಿಹೋಗಿ ಬೆಸುಗೆಯು ಸೊರಗುತ್ತದೆ. ಮಾಪಕವು ಸರಿಯಾಗಿಯೇ ತೋರಿಸುತ್ತಿರುತ್ತದೆ, ಕೆಲಸ ಮಾತ್ರ ಕೆಡುತ್ತದೆ. ಆದುದರಿಂದ ತುದಿಯನ್ನು ಆಗಾಗ ಹೆರೆದು ಮೊದಲಿನ ಆಕಾರಕ್ಕೆ ತರಬೇಕು.

ಹೀಗೆ ಇಷ್ಟೊಂದು ಎಚ್ಚರ ಬೇಕಾದುದೇಕೆಂದರೆ, ಬಿಲ್ಲೆಯು ತಗಡುಗಳ ನಡುವೆ ಅಡಗಿರುತ್ತದೆ. ಅದನ್ನು ಪರೀಕ್ಷಿಸುವ ಪ್ರಸಿದ್ಧ ವಿಧಾನವೆಂದರೆ ಮಾದರಿ ತಗಡುಗಳನ್ನು ಬಲವಂತವಾಗಿ ಸುಲಿದು ಬೇರ್ಪಡಿಸುವುದು. ಬೆಸುಗೆಯು ಉತ್ತಮವಾಗಿದ್ದರೆ ಸಂದು ಬಿಡುವುದಿಲ್ಲ. ಬಿಲ್ಲೆಯು ಒಂದು ತಗಡಿಗೆ ಅಂಟಿಕೊಂಡು, ಇನ್ನೊಂದು ತಗಡು ಅದರ ಸುತ್ತ ಹರಿದು ತೂತಾಗುತ್ತದೆ. ಲೋಹವೇ ಹರಿದರೂ ಬೆಸುಗೆ ಬಿಡಬಾರದು, ಇದೇ ಒರೆಗಲ್ಲು. ಆದರೆ ಸುಲಿದು ನೋಡಿದ ಬೆಸುಗೆಯು ಮತ್ತೆ ಬಳಕೆಗೆ ಬಾರದು. ಬಳಕೆಗೆ ಹೋಗುವ ಬೆಸುಗೆಯನ್ನು ಸುಲಿದು ನೋಡಲಾಗದು. ಶ್ರವಣಾತೀತ ಧ್ವನಿತರಂಗಗಳಿಂದ ಒಳಗನ್ನು ಪರೀಕ್ಷಿಸುವ ಉಪಕರಣಗಳು ಬಂದಿವೆಯಾದರೂ, ಮೂಲ ಭರವಸೆಯು ಪ್ರವಾಹ, ಕಾಲ, ಒತ್ತಡಗಳು ತಪ್ಪದೆ ನಡೆದವೆಂಬ ನಂಬಿಕೆಯೇ.

ಆ ನಂಬಿಕೆಯ ಮೇಲೆ ನಿಂತಿರುವುದು ಅಲಮಾರು ಮಾತ್ರವಲ್ಲ. ಒಂದು ಸಾಮಾನ್ಯ ಮೋಟಾರು ಕಾರಿನ ಉಕ್ಕಿನ ಒಡಲಿನಲ್ಲಿ ಸುಮಾರು 3000ದಿಂದ 5000 ಬಿಂದು ಬೆಸುಗೆಗಳಿರುತ್ತವೆ. ಅಪಘಾತವಾದಾಗ ಒಳಗಿರುವವರನ್ನು ಕಾಯುವುದು ಆ ಒಡಲು. ರೈಲಿನ ವಿಷಯವೂ ಹಾಗೆಯೇ. ಫಿಲಡೆಲ್ಫಿಯಾದ ಬಡ್ ಕಂಪನಿಯು 1934ರಲ್ಲಿ ತುಕ್ಕುಹಿಡಿಯದ ಉಕ್ಕಿನಿಂದ ಪಯನಿಯರ್ ಜೆಫಿರ್ ಎಂಬ ರೈಲನ್ನು ನಿರ್ಮಿಸಿತು. ಆ ಉಕ್ಕು ಹೆಚ್ಚು ಹೊತ್ತು ಕಾದರೆ ಬೆಸುಗೆಯ ಆಸುಪಾಸಿನಲ್ಲಿ ತುಕ್ಕನ್ನು ತಡೆಯುವ ಗುಣವನ್ನೇ ಕಳೆದುಕೊಳ್ಳಬಹುದು. ಪ್ರವಾಹವನ್ನೂ ಕಾಲವನ್ನೂ ಬಿಗಿಯಾಗಿ ನಿಯಂತ್ರಿಸಿ, ಅತ್ಯಲ್ಪ ಕಾಲದಲ್ಲಿ ಬೆಸುಗೆಯನ್ನು ಮುಗಿಸಿ, ಆ ಕಂಪನಿಯು ಈ ತೊಡಕನ್ನು ಬಿಡಿಸಿತು. ತುಕ್ಕುಹಿಡಿಯದ ಉಕ್ಕಿನ ರೈಲುಗಾಡಿಗಳ ನಿರ್ಮಾಣದಲ್ಲಿ ಅಂದಿನಿಂದಲೂ ಬಿಂದು ಬೆಸುಗೆಗೆ ಮುಖ್ಯ ಸ್ಥಾನವಿದೆ. ಬೆಂಗಳೂರಿನಲ್ಲಿ 2011ರಲ್ಲಿ ಸಂಚಾರ ಆರಂಭಿಸಿದ ನಮ್ಮ ಮೆಟ್ರೋ ಗಾಡಿಗಳ ಒಡಲೂ ಈ ಜಾತಿಯ ಉಕ್ಕಿನದೇ. 1969ರಲ್ಲಿ ಅಮೆರಿಕದ ಲಾರ್ಡ್‌ಸ್ಟೌನಿನ ಕಾರು ಕಾರ್ಖಾನೆಯಲ್ಲಿ ಯಂತ್ರಮಾನವರು ಬಿಂದು ಬೆಸುಗೆಗೆ ಕೈಹಾಕಿದರು. ಇತ್ತೀಚಿನ ದಶಕಗಳಲ್ಲಿ ದೊಡ್ಡ ಕಾರ್ಖಾನೆಗಳು ಗಾಳಿಯ ಬದಲು ಸರ್ವೋ ಮೋಟಾರಿನಿಂದಲೂ ವಿದ್ಯುದಗ್ರವನ್ನು ಒತ್ತುತ್ತಿವೆ. ಒತ್ತುವ ಸಾಧನ ಬದಲಾದರೂ ಒತ್ತಡದ ಅಗತ್ಯವು ಬದಲಾಗಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಲೇಬೇಕು. ಕಾಲಿನಿಂದ ಮೆಟ್ಟುವವನಿಗೆ ಬೆರಳು ಸಿಕ್ಕಿದ ಅರಿವಾಗಿ ಕಾಲು ತಾನಾಗಿ ಹಿಂದಕ್ಕೆ ಸರಿಯಬಹುದು. ಗಾಳಿಗೂ ಎಣ್ಣೆಗೂ ತಗಡು ಬೆರಳುಗಳ ಭೇದವು ತಿಳಿಯದು. ಆದುದರಿಂದ ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಚಲಿಸುವ, ಮೊದಲು ಅಲ್ಪಬಲದಿಂದ ಇಳಿದು ಆಮೇಲೆ ಪೂರ್ಣಬಲವನ್ನು ಹಾಕುವ ಏರ್ಪಾಡುಗಳನ್ನು ಯಂತ್ರಗಳಿಗೆ ಮಾಡುತ್ತಾರೆ. ಕೆಲಸ ಬೇಗ ಸಾಗಲೆಂದು ಇಂತಹ ಏರ್ಪಾಡನ್ನು ಕಿತ್ತುಹಾಕುವುದು ಅಪರಾಧಕ್ಕೆ ಸಮಾನ.

ಶಾಲೆಗಳಲ್ಲಿ ಈ ತತ್ತ್ವವನ್ನು ತೋರಿಸಲು ದೊಡ್ಡ ಯಂತ್ರವು ಬೇಕಿಲ್ಲ. ಸೂಜಿ ತೆಗೆದ ಎರಡು ಹೊಸ ಸಿರಿಂಜುಗಳು, ಒಂದು ಚಿಕ್ಕದು ಒಂದು ದೊಡ್ಡದು, ನಡುವೆ ಒಂದು ಮೊಳ ರಬ್ಬರು ಕೊಳವೆ, ತುಂಬ ನೀರು. ಚಿಕ್ಕದನ್ನು ಒಬ್ಬ ಬಾಲಕನೂ ದೊಡ್ಡದನ್ನು ಇನ್ನೊಬ್ಬನೂ ಒತ್ತಿ ಹಿಡಿದರೆ, ಚಿಕ್ಕದನ್ನು ಹಿಡಿದವನೇ ಸುಲಭವಾಗಿ ಗೆಲ್ಲುತ್ತಾನೆ. ನೀರಿನ ಬದಲು ಗಾಳಿಯನ್ನು ತುಂಬಿದರೆ, ಒತ್ತಿದ ದಂಡವು ಸ್ಪ್ರಿಂಗಿನಂತೆ ಪುಟಿಯುವುದನ್ನು ಕೈಯೇ ಹೇಳುತ್ತದೆ. ಪಾಸ್ಕಲನ ನಿಯಮವೂ ಗಾಳಿ ದ್ರವಗಳ ಭೇದವೂ ಇದರಲ್ಲಿ ಬಂದವು. ಇದನ್ನು ಕಂಡ ಬಾಲಕನು ಮುಂದೆ ಕೈಗಾರಿಕಾ ತರಬೇತಿ ಪಡೆದು ಬೆಸುಗೆಯ ಯಂತ್ರದ ಮುಂದೆ ನಿಂತಾಗ, ಒತ್ತಡಮಾಪಕದ ಮುಳ್ಳು ಸ್ವಲ್ಪ ಇಳಿದಿದ್ದರೂ ಕೆಲಸವನ್ನು ನಿಲ್ಲಿಸಿ ಸರಿಪಡಿಸುವನು. ಆ ಬೆಸುಗೆಯನ್ನು ಮತ್ತಾರೂ ನೋಡಲಾರರು; ಅದನ್ನು ನಂಬಿ ಕುಳಿತವರಿಗೆ ಅವನ ಹೆಸರೂ ತಿಳಿಯದು. ಆದರೆ ಅವರ ಪ್ರಾಣವು ಅವನ ಎಚ್ಚರದಲ್ಲಿದೆ.