ಅಂತರ ಹುಟ್ಟುವುದು ರಜೆಯಲ್ಲಿ

1982ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ 20 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಸೇರಿದ ಸುಮಾರು 800 ಮಕ್ಕಳನ್ನು ಇಬ್ಬರು ಸಮಾಜಶಾಸ್ತ್ರಜ್ಞರು ಹಿಂಬಾಲಿಸತೊಡಗಿದರು. ಇಬ್ಬರೂ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು: ಡೋರಿಸ್ ಎಂಟ್‌ವಿಸಲ್ ಮತ್ತು ಕಾರ್ಲ್ ಅಲೆಕ್ಸಾಂಡರ್. ಹೊಸದಾಗಿ ಶಾಲೆಗೆ ಕಾಲಿಟ್ಟ ಮಗು ಅಲ್ಲಿ ಹೇಗೆ ನೆಲೆ ನಿಲ್ಲುತ್ತದೆ ಎಂದು ತಿಳಿಯುವುದು ಅವರ ಗುರಿ. ಬೇಸಿಗೆ ರಜೆಯನ್ನು ಹುಡುಕಿಕೊಂಡು ಹೊರಟವರಲ್ಲ. ಆದರೆ ಒಂದು ಅನುಕೂಲ ಅವರಿಗಿತ್ತು. ಆ ಮಕ್ಕಳಿಗೆ ವರ್ಷಕ್ಕೆ ಎರಡು ಸಲ, ತರಗತಿ ಶುರುವಾದಾಗ ಒಮ್ಮೆ, ಮುಗಿಯುವಾಗ ಒಮ್ಮೆ ಪರೀಕ್ಷೆ ಇರುತ್ತಿತ್ತು.

ವರ್ಷಕ್ಕೊಂದೇ ಪರೀಕ್ಷೆಯಿದ್ದರೆ ಮಗು ಒಟ್ಟು ಎಷ್ಟು ಕಲಿತಿತು ಎಂಬುದಷ್ಟೇ ಗೊತ್ತಾಗುತ್ತದೆ. ಶಾಲೆಯಲ್ಲಿ ಗಳಿಸಿದ್ದೆಷ್ಟು, ರಜೆಯಲ್ಲಿ ಕಳೆದುಕೊಂಡದ್ದೆಷ್ಟು ಎಂಬ ಲೆಕ್ಕ ಸಿಗುವುದಿಲ್ಲ. ಬಡವರ ಮಕ್ಕಳು ಹಿಂದೆ ಬಿದ್ದರೆ ತಪ್ಪು ನೇರವಾಗಿ ಮೇಷ್ಟರ ತಲೆಗೆ ಬರುತ್ತದೆ. ಬಾಲ್ಟಿಮೋರಿನ ಎರಡೆರಡು ಅಂಕಗಳನ್ನು ಬಿಡಿಸಿ ನೋಡಿದಾಗ ಚಿತ್ರ ಬೇರೆಯೇ ಇತ್ತು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಹತ್ತಿರ ಹತ್ತಿರ ಸಮನಾಗಿ ಮುಂದುವರಿದಿದ್ದರು. ರಜೆ ಬಂತೆಂದರೆ ಅನುಕೂಲಸ್ಥರ ಮಕ್ಕಳ ಓದು ಬೆಳೆಯುತ್ತಲೇ ಇತ್ತು, ಬಡ ಮಕ್ಕಳದು ನಿಂತಲ್ಲೇ ನಿಲ್ಲುತ್ತಿತ್ತು, ಕೆಲವು ವರ್ಷ ಕುಸಿಯುತ್ತಲೂ ಇತ್ತು. ಸಂಶೋಧಕರು ಇದಕ್ಕೆ ನಲ್ಲಿಯ ಹೋಲಿಕೆ ಕೊಟ್ಟರು: ಶಾಲೆ ತೆರೆದಿರುವಾಗ ನಲ್ಲಿ ಎಲ್ಲರಿಗೂ ಹರಿಯುತ್ತದೆ, ರಜೆಯಲ್ಲಿ ಅದು ನಿಂತಾಗ ಮನೆಯಲ್ಲಿ ಬೇರೆ ನೀರು ಇದ್ದವರು ಮಾತ್ರ ಬಾಯಾರುವುದಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿಯನ್ನು ನಾನು ಓದಿಲ್ಲ.

ಮನೆಯಲ್ಲಿದ್ದ ಆ 'ಬೇರೆ ನೀರು' ಯಾವುದು? ಇದರ ಸುಳಿವು ಮೊದಲೇ ಸಿಕ್ಕಿತ್ತು. ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಆರು, ಏಳನೇ ತರಗತಿಯ ಮಕ್ಕಳ ರಜೆಯನ್ನು ಅಧ್ಯಯನ ಮಾಡಿ 1978ರಲ್ಲಿ ಪುಸ್ತಕ ಪ್ರಕಟಿಸಿದ್ದರು. ರಜೆಯ ಕಲಿಕೆಯ ಜೊತೆ ಬಿಡದೆ ಬೆಸೆದುಕೊಂಡದ್ದು ಓದಿದ ಪುಸ್ತಕಗಳ ಸಂಖ್ಯೆ ಎಂದು ಅವರು ಕಂಡರು. ಆ ಓದಿಗೆ ಆಸರೆಯಾಗಿದ್ದುದು ಊರಿನ ಸಾರ್ವಜನಿಕ ಗ್ರಂಥಾಲಯ. ಗ್ರಂಥಾಲಯ ಮನೆಯಿಂದ ದೂರವಾದಷ್ಟೂ ಮಕ್ಕಳು ಅಲ್ಲಿಗೆ ಹೋಗುವುದು ಕಡಿಮೆಯಾಗುತ್ತಿತ್ತು.

ಹಾಗಾದರೆ ಪುಸ್ತಕವನ್ನೇ ಮನೆಗೆ ಕಳಿಸಿದರೆ? ರಿಚರ್ಡ್ ಆಲಿಂಗ್ಟನ್ ಮತ್ತು ಆ್ಯನ್ ಮೆಕ್‌ಗಿಲ್ ಫ್ರಾಂಜನ್ ಅದನ್ನೇ ಮಾಡಿ ನೋಡಿದರು. ಫ್ಲಾರಿಡಾ ರಾಜ್ಯದ 17 ಬಡ ಶಾಲೆಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದ ಮಕ್ಕಳನ್ನು ರಜೆಗೆ ಮುಂಚೆ ಪುಸ್ತಕ ಮೇಳಕ್ಕೆ ಕರೆದು, ಒಬ್ಬೊಬ್ಬರಿಗೆ 12 ಪುಸ್ತಕ ಕೊಟ್ಟರು. ಹೀಗೆ ಮೂರು ಬೇಸಿಗೆ. ಇಲ್ಲಿ ಗಮನಿಸಬೇಕಾದದ್ದು, ಆ ಪುಸ್ತಕಗಳನ್ನು ಆರಿಸಿದವರು ಮೇಷ್ಟರಲ್ಲ, ಮಕ್ಕಳೇ. ಅವರು ಮುಗಿಬಿದ್ದದ್ದು ಆ ಕಾಲದ ಜನಪ್ರಿಯ ಹಾಡುಗಾರರ ಕುರಿತ ಪುಸ್ತಕಗಳಿಗೆ. ದೊಡ್ಡವರ ಪಟ್ಟಿಯಲ್ಲಿ ಅಂಥವಕ್ಕೆ ಜಾಗವೇ ಸಿಗುತ್ತಿರಲಿಲ್ಲ. ಮೂರು ವರ್ಷದ ಬಳಿಕ ರಾಜ್ಯದ ಓದಿನ ಪರೀಕ್ಷೆಯಲ್ಲಿ ಪುಸ್ತಕ ಪಡೆದವರು ಪಡೆಯದವರಿಗಿಂತ ಮುಂದಿದ್ದರು. ತೀರಾ ಬಡ ಮಕ್ಕಳಲ್ಲಿ ಲಾಭ ಇನ್ನೂ ಹೆಚ್ಚು. 2010ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಬೇಸಿಗೆ ತರಗತಿ ನಡೆಸಿದಾಗ ಸಿಗುವಷ್ಟೇ ಪ್ರಯೋಜನ ಒಂದು ಚೀಲ ಪುಸ್ತಕದಿಂದ ಸಿಕ್ಕಿತ್ತು.

ಆದರೆ ಪುಸ್ತಕ ಕೈಗೆ ಕೊಟ್ಟ ಮಾತ್ರಕ್ಕೆ ಎಲ್ಲ ಕಡೆಯೂ ಹೀಗಾಗಲಿಲ್ಲ. ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಪುಸ್ತಕ ಪಡೆದ ಮಕ್ಕಳಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ರಜೆಗೆ ಮುಂಚೆ ಶಿಕ್ಷಕರಿಂದ ಓದುವ ಬಗೆ ಕಲಿತು, ರಜೆಯಲ್ಲಿ ಓದಿದ್ದನ್ನು ಮನೆಯವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದ ಮಕ್ಕಳು ಮುಂದೆ ಬಂದರು. ಪುಸ್ತಕದ ಜೊತೆ ಕೇಳುವ ಒಂದು ಕಿವಿಯೂ ಬೇಕಿತ್ತು.

ಬಾಲ್ಟಿಮೋರಿನ ಲೆಕ್ಕಕ್ಕೂ ಮುಂದೆ ತಕರಾರು ಬಂತು. ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕರು ಒಂದು ಕಾಲಕ್ಕೆ ಆ ಫಲಿತಾಂಶವನ್ನು ಗಾಢವಾಗಿ ನಂಬಿದ್ದವರು. ಹಳೆಯ ಪರೀಕ್ಷೆಯಲ್ಲಿ ತರಗತಿ ಬದಲಾದಂತೆ ಪ್ರಶ್ನೆಪತ್ರಿಕೆಯೂ ಬದಲಾಗುತ್ತಿತ್ತು, ಹಾಗಾಗಿ ರಜೆಯ ಅಂತರ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿರಬಹುದು ಎಂದು ಅವರು 2019ರಲ್ಲಿ ಬರೆದರು. ಹೊಸ ಪರೀಕ್ಷೆಗಳಲ್ಲಿ ಅಂತರ ಅಷ್ಟು ಹಿಗ್ಗುವುದಿಲ್ಲ, ಅದರ ಬಹುಪಾಲು ಮಗು ಶಾಲೆಗೆ ಬರುವ ಮುಂಚೆಯೇ ಹುಟ್ಟಿರುತ್ತದೆ ಎಂಬುದು ಅವರ ವಾದ. ಇದನ್ನು ಒಪ್ಪಿಕೊಂಡರೂ ರಜೆಯ ಓದಿನ ಬೆಲೆ ಇಳಿಯುವುದಿಲ್ಲ. ಹಿಂದುಳಿದ ಮಗು ಮುಂದಿನವರನ್ನು ಹಿಡಿಯಲು ಸಿಗುವ ಬಿಡುವಿನ ಕಾಲ ಅದೊಂದೇ.

ನಮ್ಮಲ್ಲಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಂದಿನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮನೆಯ ಮಗುವನ್ನು, ಆಗುವುದಾದರೆ ಪಕ್ಕದ ಮನೆಯ ಮಗುವನ್ನೂ ಕರೆದುಕೊಂಡು ಹೋಗಿ ಹೆಸರು ಬರೆಸಿ. ಪುಸ್ತಕವನ್ನು ಅವರೇ ಆರಿಸಿಕೊಳ್ಳಲಿ. ಸಂಜೆ ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳಿ.