ಮನೆಯ ಹೊರಗೆ ಕ್ಯಾಮೆರಾ: ಏನು ಕಾಣಬೇಕು, ಏನು ಕಾಣಬಾರದು?

ಅಂಗಡಿಗೆ ಹೋಗಿ “ಮನೆಗೆ ಒಳ್ಳೆಯ ಸಿಸಿ ಕ್ಯಾಮೆರಾ ಯಾವುದು?” ಎಂದು ಕೇಳಿದರೆ ಮೊದಲು ಸಿಗುವ ಉತ್ತರ ಮೆಗಾಪಿಕ್ಸೆಲ್, ಎರಡನೆಯದು ಆಫರ್. ಆದರೆ ಅಂಗಡಿಯವರು ನಮ್ಮ ಗೇಟನ್ನು ನೋಡಿಲ್ಲ. ಅಂಗಳ ಎಷ್ಟು ಉದ್ದವಿದೆ, ಪಕ್ಕದ ಮನೆಯ ಬಾವಿಕಟ್ಟೆ ಎಲ್ಲಿದೆ ಎಂಬುದು ಅವರಿಗೆ ಗೊತ್ತಿಲ್ಲ. ಹಾಗಾಗಿ ಕ್ಯಾಮೆರಾ ಆರಿಸುವ ಕೆಲಸ ಮನೆಯಂಗಳದಲ್ಲೇ ಶುರುವಾಗಬೇಕು.

ನಮ್ಮ ಮನೆಯಲ್ಲಿ ಈ ಕೆಲಸ ನನ್ನ ಪಾಲಿಗೆ ಬಂತು. ಉಪ್ಪ ದಮ್ಮಾಮ್‌ನಲ್ಲಿದ್ದಾರೆ. ಮನೆಯಲ್ಲಿ ಉಮ್ಮ, ಅಜ್ಜಿ, ನಾನು ಮತ್ತು ತಮ್ಮ. ಕಳೆದ ವರ್ಷ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಲ್ಲಿ ಎರಡು ಗೋಣಿಯಷ್ಟು ಒಂದೇ ರಾತ್ರಿ ಕಾಣೆಯಾಯಿತು. “ಈ ಸಲ ಕ್ಯಾಮೆರಾ ಹಾಕಿಸಿ, ನಾನೂ ಇಲ್ಲಿಂದ ನೋಡಬಹುದು” ಎಂದರು ಉಪ್ಪ. ನಾನು ವಿಜ್ಞಾನ ವಿಭಾಗದಲ್ಲಿ ಓದುತ್ತಿರುವುದರಿಂದ ಯಾವುದು ಕೊಳ್ಳಬೇಕೆಂದು ನೋಡುವ ಜವಾಬ್ದಾರಿ ನನ್ನದಾಯಿತು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇದರಲ್ಲಿ ಬಹುಪಾಲು ನಮ್ಮ ಭೌತಶಾಸ್ತ್ರದ ಪಠ್ಯದಲ್ಲೇ ಇದೆ.

ಮೊದಲು ಒಂದು ಹಾಳೆ

ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆಯಿರಿ. ಗೇಟು, ಅಂಗಳ, ಹಿಂಬಾಗಿಲು, ವಾಹನ ನಿಲ್ಲುವ ಜಾಗ, ನೆರೆಮನೆಯ ಕಿಟಕಿ ಎಲ್ಲವನ್ನೂ ಗುರುತು ಮಾಡಿ. ನಂತರ ಮೂರು ಪ್ರಶ್ನೆ ಕೇಳಿಕೊಳ್ಳಿ. ಏನು ಕಾಣಬೇಕು? ಏನು ಕಾಣಬಾರದು? ಯಾರು ನೋಡುತ್ತಾರೆ? ಮೊದಲ ಪ್ರಶ್ನೆಗೆ ತಂತ್ರಜ್ಞಾನ ಉತ್ತರ ಕೊಡುತ್ತದೆ. ಉಳಿದೆರಡಕ್ಕೆ ಮನೆಯವರು ಕುಳಿತು ಮಾತನಾಡಬೇಕು.

ಲೆನ್ಸಿನ ಲೆಕ್ಕ

ಕ್ಯಾಮೆರಾದ ಮೇಲೆ 2.8 ಮಿ.ಮೀ., 3.6 ಮಿ.ಮೀ., 6 ಮಿ.ಮೀ. ಎಂದು ಬರೆದಿರುತ್ತದೆ. ಇದು ಲೆನ್ಸಿನ ಸಂಗಮ ದೂರ. ಸಂಖ್ಯೆ ಚಿಕ್ಕದಾದಷ್ಟು ಅಗಲವಾದ ಜಾಗ ಕಾಣುತ್ತದೆ, ಆದರೆ ಪ್ರತಿ ವಸ್ತುವೂ ಸಣ್ಣದಾಗಿ ಕಾಣುತ್ತದೆ.

2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಇಂಥ ಕ್ಯಾಮೆರಾಗಳ ಸೆನ್ಸರ್ ಸುಮಾರು 5.4 ಮಿ.ಮೀ. ಅಗಲವಿರುತ್ತದೆ. ಸಮರೂಪ ತ್ರಿಭುಜದ ಲೆಕ್ಕ ಹಾಕಿದರೆ 2.8 ಮಿ.ಮೀ. ಲೆನ್ಸಿಗೆ 8 ಮೀಟರ್ ದೂರದಲ್ಲಿ ಸುಮಾರು 15 ಮೀಟರ್ ಅಗಲದ ಜಾಗ ಕಾಣುತ್ತದೆ. ಅಂದರೆ ಒಂದು ಮೀಟರಿಗೆ ಸುಮಾರು 125 ಪಿಕ್ಸೆಲ್. ಅದೇ ದೂರಕ್ಕೆ 6 ಮಿ.ಮೀ. ಲೆನ್ಸ್ ಹಾಕಿದರೆ ಕಾಣುವ ಅಗಲ ಸುಮಾರು 7 ಮೀಟರ್. ಒಂದು ಮೀಟರಿಗೆ 260ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ.

ಇದರ ಅರ್ಥವೇನು? ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಯಾರೋ ಇದ್ದಾರೆ ಎಂದು ತಿಳಿಯಲು ಮೀಟರಿಗೆ 25 ಪಿಕ್ಸೆಲ್ ಸಾಕು. ಪರಿಚಿತರನ್ನು ಗುರುತಿಸಲು 125 ಬೇಕು. ಅಪರಿಚಿತರ ಮುಖವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಗುರುತಿಸಲು 250 ಬೇಕು. ನಮ್ಮ ಗೇಟು ಸಿಟೌಟ್‌ನಿಂದ 8 ಮೀಟರ್ ದೂರದಲ್ಲಿದೆ. ಆದ್ದರಿಂದ ಗೇಟಿಗೆ 6 ಮಿ.ಮೀ., ಅಡಿಕೆ ಹಾಕುವ ಅಂಗಳಕ್ಕೆ 2.8 ಮಿ.ಮೀ. ಎಂದು ತೀರ್ಮಾನಿಸಿದೆವು. ಎಲ್ಲಾ ಕಡೆಗೂ ಒಂದೇ ಬಗೆಯ ಕ್ಯಾಮೆರಾ ಕೊಡುವ ‘ನಾಲ್ಕರ ಸೆಟ್’ ನಮಗೆ ಹೊಂದಲಿಲ್ಲ.

ಎತ್ತರವೂ ಮುಖ್ಯ. ಎರಡನೇ ಮಹಡಿಯ ಮೂಲೆಯಲ್ಲಿ ಹಾಕಿದರೆ ಬಂದವರ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಕೈಗೆ ಎಟುಕದಷ್ಟು, ಅಂದರೆ ಎರಡೂವರೆಯಿಂದ ಮೂರು ಮೀಟರ್ ಎತ್ತರ ಸಾಕು.

ಮಳೆ ಮತ್ತು ರಾತ್ರಿ

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಐಪಿ66 ಅಥವಾ ಐಪಿ67 ಎಂದಿದೆಯೇ ನೋಡಿ. ಮೊದಲ 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯ 6 ಎಂದರೆ ರಭಸದ ನೀರಿನ ಧಾರೆಯನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಆದರೆ ಈ ಗುಣ ಕ್ಯಾಮೆರಾಕ್ಕೆ ಮಾತ್ರ. ವೈರಿನ ತುದಿಯ ಜೋಡಣೆ ಬಯಲಿನಲ್ಲಿ ನೇತಾಡುತ್ತಿದ್ದರೆ ನೀರು ಅಲ್ಲಿಂದ ಇಳಿಯುತ್ತದೆ. ಜೋಡಣೆಗೆ ಒಂದು ಪ್ಲಾಸ್ಟಿಕ್ ಬಾಕ್ಸ್ ಹಾಕಿಸಲೇಬೇಕು. ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಕೇಳಿ.

ರಾತ್ರಿ ಹೆಚ್ಚಿನ ಕ್ಯಾಮೆರಾಗಳು ಅವಗೆಂಪು ಬೆಳಕಿನಲ್ಲಿ ನೋಡುತ್ತವೆ, ಚಿತ್ರ ಕಪ್ಪು-ಬಿಳುಪಾಗುತ್ತದೆ. ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿದರೆ ಈ ಬೆಳಕಿನಲ್ಲಿ ಬಲೆಯೇ ಪರದೆಯ ತುಂಬ ಬೆಳ್ಳಗೆ ಹೊಳೆಯುತ್ತದೆ. ತಿಂಗಳಿಗೊಮ್ಮೆ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದೇ ಪರಿಹಾರ. ಬಿಳಿ ಗೋಡೆಗೆ ತೀರಾ ಅಂಟಿಸಿ ಹಾಕಿದರೂ ಬೆಳಕು ಪ್ರತಿಫಲಿಸಿ ಚಿತ್ರ ಮಸುಕಾಗುತ್ತದೆ.

ವೈರೋ, ವೈಫೈಯೋ?

ವೈಫೈ ಕ್ಯಾಮೆರಾಕ್ಕೆ ವೈರು ಎಳೆಯುವ ತಾಪತ್ರಯವಿಲ್ಲ ಎನ್ನುತ್ತಾರೆ. ಆದರೆ ಬ್ಯಾಟರಿಯದ್ದನ್ನು ಬಿಟ್ಟರೆ ಅದಕ್ಕೂ ಕರೆಂಟ್ ವೈರು ಬೇಕು. ಜೊತೆಗೆ ನಮ್ಮ ಕಡೆಯ ದಪ್ಪ ಕೆಂಪುಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ರೂಟರಿನ ಹತ್ತಿರ ಒಂದೇ ಕ್ಯಾಮೆರಾ ಸಾಕಾದರೆ, ಅಥವಾ ಬಾಡಿಗೆ ಮನೆಯಾದರೆ, ವೈಫೈ ಒಳ್ಳೆಯದು. ಸ್ವಂತ ಮನೆಗೆ, ಮೂರ್ನಾಲ್ಕು ಕಡೆಗೆ ಬೇಕಾದರೆ ವೈರೇ ನಂಬಿಕೆಯದು.

ವೈರಿನಲ್ಲೂ ಎರಡು ಬಗೆ. ಡಿವಿಆರ್‌ಗೆ ಜೋಡಿಸುವ ‘3+1’ ಕೇಬಲ್‌ನದ್ದು ಅಗ್ಗ. ಎನ್‌ವಿಆರ್‌ಗೆ ಜೋಡಿಸುವ ನೆಟ್‌ವರ್ಕ್ ಕೇಬಲ್‌ನದ್ದು ಸ್ವಲ್ಪ ದುಬಾರಿ. ಇದರಲ್ಲಿ ಪಿಒಇ ಸೌಲಭ್ಯವಿದ್ದರೆ ಒಂದೇ ಕೇಬಲ್‌ನಲ್ಲಿ ಚಿತ್ರ ಮತ್ತು ವಿದ್ಯುತ್ ಎರಡೂ 100 ಮೀಟರ್‌ವರೆಗೆ ಹೋಗುತ್ತವೆ.

ಅಗ್ಗದ ತೆಳು ಕೇಬಲ್ ಹಾಕಿದ ಮನೆಗಳಲ್ಲಿ ಕ್ಯಾಮೆರಾ ಹಗಲು ಸರಿಯಾಗಿದ್ದು ರಾತ್ರಿ ಕೈಕೊಡುವುದುಂಟು. ಕಾರಣ ಓಮನ ನಿಯಮ. ದೂರದ ತೆಳು ತಂತಿಯ ಒಟ್ಟು ರೋಧ 5 ಓಮ್ ಇದೆ ಎಂದಿಟ್ಟುಕೊಳ್ಳಿ. ರಾತ್ರಿ ಅವಗೆಂಪು ದೀಪ ಹೊತ್ತಿದಾಗ ಕ್ಯಾಮೆರಾ 0.4 ಆಂಪಿಯರ್ ಎಳೆದರೆ ತಂತಿಯಲ್ಲೇ 2 ವೋಲ್ಟ್ ನಷ್ಟವಾಗುತ್ತದೆ. 12 ವೋಲ್ಟ್ ಬೇಕಾದ ಕ್ಯಾಮೆರಾಕ್ಕೆ 10 ಮಾತ್ರ ತಲುಪುತ್ತದೆ. ಕಳ್ಳ ಬರುವ ಹೊತ್ತಿಗೆ ಅದು ಕಣ್ಣು ಮುಚ್ಚಿರುತ್ತದೆ. ಶುದ್ಧ ತಾಮ್ರದ ಕೇಬಲ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ರೆಕಾರ್ಡರ್ ಮತ್ತು ರೂಟರನ್ನು ಇನ್ವರ್ಟರಿಗೆ ಸೇರಿಸಿ. ಗುಡುಗು-ಮಿಂಚು ಹೆಚ್ಚಿರುವ ನಮ್ಮ ಕಡೆ ಸರಿಯಾದ ಅರ್ಥಿಂಗ್ ಇರಲೇಬೇಕು.

ಎಷ್ಟು ದಿನದ ದಾಖಲೆ?

ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳುಹಿಸಿದರೆ ಅದು 0.25 ಮೆಗಾಬೈಟ್. ದಿನಕ್ಕೆ 86,400 ಸೆಕೆಂಡುಗಳಿಂದ ಗುಣಿಸಿದರೆ 21.6 ಜಿಬಿ. ಮೂರು ಕ್ಯಾಮೆರಾಕ್ಕೆ ದಿನಕ್ಕೆ 65 ಜಿಬಿ ಹತ್ತಿರ. 1 ಟಿಬಿ ಹಾರ್ಡ್ ಡಿಸ್ಕ್ ಸುಮಾರು 15 ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. 64 ಜಿಬಿ ಮೆಮೊರಿ ಕಾರ್ಡ್ ಹಾಕಿದ ಒಂಟಿ ಕ್ಯಾಮೆರಾದಲ್ಲಿ ಮೂರು ದಿನವೂ ಪೂರ್ತಿ ಸಿಗದು. ‘ಎಚ್.265’ ಎಂದಿರುವ ರೆಕಾರ್ಡರ್ ಹಳೆಯ ಎಚ್.264ಕ್ಕಿಂತ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅದೇ ಗುಣಮಟ್ಟ ಉಳಿಸುತ್ತದೆ. ಇದೇ ವೇಗದಲ್ಲಿ ಮೊಬೈಲಿನಲ್ಲಿ ಒಂದು ಗಂಟೆ ನೇರವಾಗಿ ನೋಡಿದರೆ 900 ಎಂಬಿ ಖರ್ಚಾಗುತ್ತದೆ ಎಂಬುದನ್ನು ಗಲ್ಫ್‌ನಲ್ಲಿರುವವರಿಗೆ ಹೇಳಿಬಿಡಿ.

ಕ್ಯಾಮೆರಾದ ಬೀಗ

2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿತು. ಕಂಪನಿಯವರೇ ಹಾಕಿಕೊಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯತ್ನಿಸುವುದೇ ಅದರ ಉಪಾಯವಾಗಿತ್ತು. ಅದೇ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳ ದಾಳಿಯಿಂದ ಅಮೆರಿಕದಲ್ಲಿ ಅನೇಕ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ನಿಂತುಹೋದವು. ಕೇಂದ್ರ ಸರ್ಕಾರವೂ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ನಿಯಮಗಳನ್ನು ಪ್ರಕಟಿಸಿತು. ಬಿಐಎಸ್ ನೋಂದಣಿಯ ಗುರುತು ಇರುವುದನ್ನೇ ಕೊಳ್ಳಿ. ಕೆಲಸ ಮುಗಿಸಿ ಟೆಕ್ನಿಷಿಯನ್ ಹೋದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ. ಬಡಗಿ ಬಾಗಿಲು ಕೂರಿಸಿ ಹೋಗುವಾಗ ಬೀಗದ ಕೈಯನ್ನೂ ಕೊಂಡೊಯ್ಯಲು ನಾವು ಬಿಡುವುದಿಲ್ಲವಲ್ಲ!

ಯಾರು ನೋಡುತ್ತಾರೆ?

ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆಯಾದದ್ದು ಇದೇ. ಸಿಟೌಟ್ ಪೂರ್ತಿ ಕಾಣುವಂತೆ ಇರಲಿ ಎಂಬುದು ಉಪ್ಪನ ಆಸೆ. ಉಮ್ಮ ಒಪ್ಪಲಿಲ್ಲ. “ನಾನು ತಲೆಗೆ ಬಟ್ಟೆ ಇಲ್ಲದೆ ಅಕ್ಕಿ ಆರಿಸುತ್ತಾ ಕೂರುವ ಜಾಗ ಅದು. ನಿಮ್ಮ ರೂಮಿನಲ್ಲಿ ಐದು ಜನ ಇದ್ದಾರೆ. ಮೊಬೈಲು ಮೇಜಿನ ಮೇಲೆ ತೆರೆದಿದ್ದರೆ? ಕ್ಯಾಮೆರಾ ಗೇಟನ್ನು ನೋಡಲಿ, ನನ್ನನ್ನಲ್ಲ” ಎಂದರು. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ನೀವು ಹೇಳಿದ ಹಾಗೇ ಆಗಲಿ” ಎಂದರು. ಕ್ಯಾಮೆರಾಗಳು ಸಿಟೌಟ್‌ಗೆ ಬೆನ್ನು ಹಾಕಿ ನಿಂತವು. ಮನೆಯನ್ನು ಕಾಯಲು ತಂದ ಯಂತ್ರ ಮನೆಯವರನ್ನೇ ಕಾಯುವಂತಾದರೆ ಅಂಗಳದಲ್ಲಿ ನಿರಾಳವಾಗಿ ಕೂರುವ ಸ್ವಾತಂತ್ರ್ಯವೇ ಹೋಗುತ್ತದೆ.

ನೆರೆಯವರಿಗೂ ಇದೇ ಹಕ್ಕಿದೆ. ಇನ್ನೊಬ್ಬರ ಮನೆಯೊಳಗೆ ಇಣುಕಬಾರದು ಎಂಬುದು ನಾವೆಲ್ಲ ಮನೆಯಲ್ಲೂ ಮದ್ರಸದಲ್ಲೂ ಕೇಳಿ ಬೆಳೆದ ಮಾತು. ಅಂಗಳದ ಕ್ಯಾಮೆರಾ ಕೂರಿಸುವ ದಿನ ಪಕ್ಕದ ಮನೆಯ ಅಕ್ಕನನ್ನು ಕರೆದು ಪರದೆ ತೋರಿಸಿದೆವು. “ನಮ್ಮ ಬಾವಿಕಟ್ಟೆ ಕಾಣ್ತದಲ್ಲ ಮಾರಾಯ್ತಿ!” ಎಂದರು. ಬೇಡದ ಭಾಗವನ್ನು ಕಪ್ಪಾಗಿಸುವ ‘ಪ್ರೈವೆಸಿ ಮಾಸ್ಕ್’ ಸೌಲಭ್ಯ ಕ್ಯಾಮೆರಾದಲ್ಲಿತ್ತು. ಆದರೆ ಮಾಸ್ಕ್ ಹಾಕಿದ್ದು ಅವರಿಗೆ ಕಾಣುವುದಿಲ್ಲ, ತಮ್ಮ ಕಡೆ ತಿರುಗಿದ ಕ್ಯಾಮೆರಾ ಮಾತ್ರ ಕಾಣುತ್ತದೆ. ಅದಕ್ಕೆ ಕ್ಯಾಮೆರಾವನ್ನೇ ತಿರುಗಿಸಿದೆವು. ಧ್ವನಿ ದಾಖಲಿಸುವ ಮೈಕನ್ನೂ ಆಫ್ ಮಾಡಿದೆವು. ದಾರಿಯಲ್ಲಿ ಹೋಗುವವರ ಮಾತು ನಮಗೇಕೆ?

ಕಾನೂನು ಕೂಡ ಇದೇ ದಾರಿಯಲ್ಲಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಬಳಕೆಗೆ ಅನ್ವಯಿಸುವುದಿಲ್ಲ ನಿಜ. ಆದರೆ ಒಬ್ಬರ ದೇಹದ ಖಾಸಗಿ ಭಾಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ಸಿಕ್ಕಿದ ದೃಶ್ಯವನ್ನು ಏನು ಮಾಡುವುದು?

ಕ್ಯಾಮೆರಾದಲ್ಲಿ ಅಪರಿಚಿತರು ಕಂಡರೆ “ಕಳ್ಳ ಬಂದಿದ್ದಾನೆ, ಎಲ್ಲರಿಗೂ ಕಳುಹಿಸಿ” ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಾಳಿ ನಮ್ಮಲ್ಲಿದೆ. ಅವರು ವಿಳಾಸ ಹುಡುಕುತ್ತಿದ್ದ ಪಾರ್ಸೆಲ್ ಹುಡುಗನೂ ಆಗಿರಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಜನರ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ನಾವು ಕಳುಹಿಸುವ ಹತ್ತು ಸೆಕೆಂಡಿನ ತುಣುಕು ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ದೃಶ್ಯ ಹೋಗಬೇಕಾದದ್ದು ಪೊಲೀಸ್ ಠಾಣೆಗೆ. ಹಳೆಯದು ಅಳಿಸಿಹೋಗುವ ಮೊದಲೇ ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ, ಮೂಲ ರೆಕಾರ್ಡರನ್ನು ಹಾಗೆಯೇ ಕಾಪಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರವೂ ಇರಬೇಕು. ರೆಕಾರ್ಡರಿನ ದಿನಾಂಕ, ಸಮಯ ಸರಿಯಾಗಿದೆಯೇ ಎಂದು ಆಗಾಗ ನೋಡುತ್ತಿರಿ. ಸಮಯ ತಪ್ಪಿದ್ದರೆ ಒಳ್ಳೆಯ ಚಿತ್ರವೂ ವಾದಕ್ಕೆ ಗುರಿಯಾಗುತ್ತದೆ.

ಸಹಪಾಠಿಗಳೇ, ನಿಮ್ಮ ಮನೆಯಲ್ಲೂ ಕ್ಯಾಮೆರಾ ಹಾಕಿಸುವ ಮಾತು ಬಂದರೆ ಆ ಹಾಳೆ, ಪೆನ್ನು ಮತ್ತು ಅಳತೆ ಟೇಪು ಹಿಡಿದು ಅಂಗಳಕ್ಕೆ ಇಳಿಯಿರಿ. ಅಳತೆ ಮುಗಿದ ಮೇಲೆ ಮನೆಯ ಹೆಂಗಸರನ್ನು ಕೇಳಿ, ನೆರೆಯವರನ್ನು ಕೇಳಿ. ಅಂಗಡಿಯವರನ್ನು ಕೇಳುವುದು ಆಮೇಲೆ.